ಕಡೆಯ ಸ್ಥಾನಕ್ಕೆ ಇಬ್ಬರು

ಹದಿನೆಂಟು ದಿನದ ಆ ಸೈಕಲ್ ರೇಸಿನಲ್ಲಿ ನನಗೆ ಸಿಕ್ಕಿದ್ದು ಕಟ್ಟಕಡೆಯ ವ್ಯಾನಿನ ಮುಂದಿನ ಸೀಟು. ಅದು ನನ್ನದೇ ಘನಕಾರ್ಯದ ಫಲ. ಹಿಂದಿನ ವರ್ಷ ಗುರಿಗೆ ಇನ್ನೂ ಮುನ್ನೂರು ಮೀಟರ್ ಇರುವಾಗಲೇ, ಮುಂದಿದ್ದವನು ಗೆದ್ದನೆಂದು ಬರೆದು ಪತ್ರಿಕೆಗೆ ಕಳಿಸಿಬಿಟ್ಟಿದ್ದೆ. ಅವನು ಕೊನೆಯ ತಿರುವಿನಲ್ಲಿ ಜಾರಿ ಚರಂಡಿಗೆ ಬಿದ್ದ. ನಮ್ಮ ಪತ್ರಿಕೆಯಲ್ಲಿ ಮಾತ್ರ ಗೆದ್ದ. "ಗೆಲ್ಲೋರ ಸುದ್ದಿ ಬರೆಯೋಕೆ ನಿಮಗೆ ಆತುರ ಜಾಸ್ತಿ, ಈ ಸಲ ಹಿಂದಿನವರ ಜೊತೆ ನಿಧಾನವಾಗಿ ಬನ್ನಿ," ಎಂದರು ಸಂಪಾದಕರು.

ವ್ಯಾನು ಓಡಿಸುತ್ತಿದ್ದವರು ನನ್ನ ಅಕ್ಕನ ಗಂಡ. ಕಡೆಯ ಸವಾರನ ಹಿಂದೆಯೇ ಹೋಗುವುದು, ಕೈಲಾಗದೆ ನಿಂತವರನ್ನು ಹತ್ತಿಸಿಕೊಳ್ಳುವುದು ಅವರ ಕೆಲಸ. ರಸ್ತೆಯಲ್ಲಿ ಉಳಿದವರನ್ನೆಲ್ಲ ಗುಡಿಸಿಕೊಂಡು ಬರುವ ಗಾಡಿ ಎಂದು ಜನಕ್ಕೆ ತಿಳಿಯಲು ಅದರ ನೆತ್ತಿಯ ಮೇಲೊಂದು ಪೊರಕೆ ಕಟ್ಟಿದ್ದರು. ಹನ್ನೊಂದು ವರ್ಷದಿಂದ ಈ ರೇಸಿನಲ್ಲಿದ್ದರೂ ಭಾವ ಗೆದ್ದವನೊಬ್ಬನ ಮುಖವನ್ನೂ ಕಂಡವರಲ್ಲ.

"ಮುಂದೆ ಏನಾಗ್ತಿದೆ ಭಾವ?" ಎಂದು ಮೊದಲ ದಿನ ಕೇಳಿದೆ.

"ಮುಂದೆ ಏನಾದ್ರೂ ಆಗ್ಲಿ. ನಮ್ಮ ಪಾಲಿಗೆ ಬಂದಿರೋದು ಆ ಒಂದು ಬೆನ್ನು ಕಣೋ, ಅದನ್ನ ನೋಡ್ತಾ ಕೂತ್ಕೋ."

ಆ ಬೆನ್ನು ಮೀಸೆಯದು. ದಪ್ಪ ಮೀಸೆ ಬಿಟ್ಟಿದ್ದರಿಂದ ರೇಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಹಾಗೆ. ಅವನ ತಂಡವನ್ನು ಸಾಕುತ್ತಿದ್ದುದು ಹಾಸಿಗೆ ಮಾಡುವ ಕಂಪನಿ, ಹಾಗಾಗಿ ಅಂಗಿಯ ಹಿಂದೆ ದೊಡ್ಡದೊಂದು ದಿಂಬಿನ ಚಿತ್ರ. ವಯಸ್ಸು ಮೂವತ್ತೇಳು. ಹದಿನಾಲ್ಕು ವರ್ಷದಿಂದ ಅವನು ಮಾಡಿದ್ದು ಒಂದೇ ಕೆಲಸ: ತಂಡದ ನಾಯಕನಿಗೆ ನೀರಿನ ಬಾಟಲಿ ಹೊತ್ತುಕೊಡುವುದು, ಅವನ ಮುಂದೆ ಹೋಗಿ ಗಾಳಿಗೆ ಎದೆಯೊಡ್ಡುವುದು, ಗುಡ್ಡ ಬಂದ ಕೂಡಲೇ ಸುಸ್ತಾಗಿ ಹಿಂದೆ ಬೀಳುವುದು. ಗೆಲುವು ಅವನ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ.

ಎರಡು ದಿನ ಆ ದಿಂಬನ್ನೇ ನೋಡುತ್ತ ಕೂತೆ. ಬರೆಯಲು ಏನೂ ಸಿಗದೆ, ಮೂರನೆಯ ದಿನ ಮೀಸೆಯ ಬಗ್ಗೆಯೇ ಬರೆದೆ. ಕಡೆಯವನಾಗಿ ಉಳಿಯುವುದಕ್ಕೂ ಗುಂಡಿಗೆ ಬೇಕು ಎಂದೆಲ್ಲ ಕಡ್ಡಿಯನ್ನು ಗುಡ್ಡ ಮಾಡಿದೆ. ಜನ ಮುಗಿಬಿದ್ದು ಓದಿದರು. ಮುಂದಿನವರು ಹೋದ ತಕ್ಷಣ ಕುರ್ಚಿ ಮಡಚಿಕೊಂಡು ಮನೆಗೆ ಹೋಗುತ್ತಿದ್ದವರು ಈಗ ಮೀಸೆ ಬರುವ ತನಕ ಕೂತಿದ್ದು, "ನಿಧಾನ ಮೀಸೆ, ನಿಧಾನ!" ಎಂದು ಕೂಗತೊಡಗಿದರು.

ಹಾಸಿಗೆ ಕಂಪನಿಯ ಯಜಮಾನರಿಗೆ ನಿಂತಲ್ಲೇ ಜ್ಞಾನೋದಯವಾಯಿತು. "ಅವಸರವೇಕೆ? ಮಲಗಿ!" ಎಂಬ ಜಾಹೀರಾತಿನಲ್ಲಿ ಮೀಸೆಯ ಫೋಟೋ ಹಾಕಿಸಿದರು. ಈ ವರ್ಷದ ಕೊನೆಗೆ ಅವನನ್ನು ಮನೆಗೆ ಕಳಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಈಗ ಫೋನಿನಲ್ಲಿ ಹೊಸ ಮಾತು ಬಂತು: ಕಡೆಯ ಸ್ಥಾನ ಉಳಿಸಿಕೊಂಡರೆ ಮುಂದಿನ ವರ್ಷವೂ ತಂಡದಲ್ಲಿ ಜಾಗ, ಕಳೆದುಕೊಂಡರೆ ಇಲ್ಲ.

"ನನ್ನ ಹೆಂಡತಿ ದಿನಾ ಫೋನ್ ಮಾಡ್ತಾಳೆ ಸಾರ್," ಎಂದ ಮೀಸೆ, ವ್ಯಾನಿನ ಕಿಟಕಿಯ ಪಕ್ಕಕ್ಕೆ ಬಂದು. "'ಇವತ್ತೂ ಕಡೇಲೇ ಇದೀರಿ ತಾನೆ? ಯಾರನ್ನೂ ದಾಟಿಲ್ಲ ತಾನೆ?' ಅಂತಾಳೆ."

ಒಳ್ಳೆಯದನ್ನು ಕಂಡರೆ ಪಾಲು ಕೇಳುವವರಿಗೆ ಬರವೇ? ಬೀಗದ ಕಂಪನಿಯ ತಂಡದಲ್ಲಿ ಕೊಕ್ಕರೆಯಂಥ ಕಾಲಿನವನೊಬ್ಬನಿದ್ದ. ಅಲ್ಲಿಯವರೆಗೆ ಹದಿಮೂರು ಜನರಿಗಿಂತ ಮುಂದಿದ್ದ ಅವನಿಗೆ ಇದ್ದಕ್ಕಿದ್ದಂತೆ ದಾರಿಯ ಪಕ್ಕದ ಪೊದೆಗಳ ಮೇಲೆ ಪ್ರೀತಿ ಹುಟ್ಟಿತು. ಒಂದೇ ದಿನ ಆರು ಸಲ ಮೂತ್ರಕ್ಕೆ ಇಳಿದ. ಮರುದಿನ ಚೆನ್ನಾಗಿದ್ದ ಚೈನನ್ನು ಬಿಚ್ಚಿ ಒರೆಸಿ ಹಾಕಿದ. ನಾಲ್ಕೇ ದಿನದಲ್ಲಿ ಬಂದು ಮೀಸೆಯ ಪಕ್ಕ ನಿಂತ. ಬೇರೆಯವರು ನಾ ಮುಂದು ತಾ ಮುಂದು ಎಂದು ಸಾಯುತ್ತಿದ್ದರೆ, ಇವರಿಬ್ಬರು "ನೀವು ಹೋಗಿ," "ಅಯ್ಯೋ, ನೀವು ಮೊದಲು," ಎಂದು ಮರ್ಯಾದೆ ಕೊಟ್ಟುಕೊಳ್ಳುತ್ತಿದ್ದರು.

ಹಾಗೆಂದು ಮನಸ್ಸು ಬಂದಷ್ಟು ತಡಮಾಡುವಂತಿಲ್ಲ. ಮೊದಲನೆಯವನು ಗುರಿ ಮುಟ್ಟಿದ ಮೇಲೆ ಇಂತಿಷ್ಟು ನಿಮಿಷದೊಳಗೆ ಎಲ್ಲರೂ ಬರಲೇಬೇಕು. ತಪ್ಪಿದವರ ಹೆಸರನ್ನು ಪಟ್ಟಿಯಿಂದಲೇ ಹೊಡೆದುಹಾಕುತ್ತಾರೆ. ಹೆಸರೇ ಇಲ್ಲದವನು ಕಡೆಯವನಾಗುವುದಾದರೂ ಹೇಗೆ? ಹಾಗಾಗಿ ಇಬ್ಬರೂ ಗಡಿಯಾರ ನೋಡಿಕೊಂಡು, ಕೊನೆಯ ನಿಮಿಷಕ್ಕೆ ಸರಿಯಾಗಿ ಒಳಗೆ ಬರುತ್ತಿದ್ದರು.

ನನ್ನ ಹೊಟ್ಟೆಪಾಡು ನನ್ನದು. ಅವರಿಬ್ಬರೂ ಒಂದೇ ಬಾಳೆಹಣ್ಣನ್ನು ಮುರಿದು ತಿನ್ನುವುದನ್ನು ಕಣ್ಣಾರೆ ಕಂಡರೂ "ಬದ್ಧವೈರಿಗಳು" ಎಂದು ಬರೆದೆ. ಅವನು ಹೀಗಂದ ಎಂದು ಇವನಿಗೆ, ಇವನು ಹಾಗಂದ ಎಂದು ಅವನಿಗೆ ಹೇಳಿ ಬೆಂಕಿಗೆ ತುಪ್ಪ ಸುರಿದೆ. ಹದಿನೇಳನೆಯ ದಿನದ ಹೊತ್ತಿಗೆ ಮಾತು ಬಿಟ್ಟಿದ್ದರು. ಆ ಸಂಜೆ ಲೆಕ್ಕ ಹಾಕಿದರೆ ಇಬ್ಬರ ಒಟ್ಟು ಸಮಯ ಸರಿಸಮ. ಕೊನೆಯ ದಿನ ಯಾರು ಹಿಂದೆ ಬರುತ್ತಾನೋ ಅವನೇ ಕಡೆಯವನು. ಸಂಪಾದಕರು ಮುಖಪುಟದಲ್ಲಿ ಕಡೆಯವನ ಫೋಟೋಗೆಂದೇ ಜಾಗ ಖಾಲಿ ಬಿಟ್ಟರು.

ಕೊನೆಯ ದಿನ ಗುರಿಗೆ ಮೂರು ಕಿಲೋಮೀಟರ್ ಇದೆ ಎನ್ನುವಾಗ ಇಬ್ಬರೂ ಸೈಕಲ್ಲಿನಿಂದ ಇಳಿದು, ಸೇತುವೆಯ ಕಟ್ಟೆಯ ಮೇಲೆ ಆಚೆಗೊಬ್ಬ ಈಚೆಗೊಬ್ಬ ಕೂತುಬಿಟ್ಟರು. ಅವರ ಎಣಿಕೆಯಲ್ಲಿ ಇನ್ನೂ ಅರ್ಧ ಗಂಟೆ ಇತ್ತು. ಅಷ್ಟರಲ್ಲಿ ವ್ಯಾನಿನ ರೇಡಿಯೋ ಗೊರಗುಟ್ಟಿತು. ಬೆಳಗಿನಿಂದ ಬೆನ್ನ ಹಿಂದಿನ ಗಾಳಿ. ಮೊದಲನೆಯವನು ಯಾರೂ ಎಣಿಸದಷ್ಟು ಬೇಗ ಗುರಿ ಮುಟ್ಟಿದ್ದ. ಗಡುವು ಮುಗಿಯಲು ಉಳಿದಿದ್ದು ಎಂಟೇ ನಿಮಿಷ.

"ನಾನು ಬಾಯಿ ಬಿಡೋ ಹಾಗಿಲ್ಲ, ನಿಯಮ," ಎಂದರು ಭಾವ. "ನೀನು ಹೇಳು."

ನಾನು ಹೇಳಲಿಲ್ಲ. ನಿಜ ಒಪ್ಪಿಕೊಳ್ಳುತ್ತೇನೆ: ಇಬ್ಬರೂ ಕಟ್ಟೆಯ ಮೇಲೆ ಕೂತೇ ಹೊರಬಿದ್ದರೆ ಎಂಥ ಸುದ್ದಿ ಎಂದು ತಲೆಬರಹ ಹುಡುಕುತ್ತಿದ್ದೆ. ಒಂದು ನಿಮಿಷ ಹೋಯಿತು.

"ಲೋ ಭಾಮೈದ," ಭಾವನ ದನಿ ಏರಿತು. "ಬರೆದು ಬರೆದು ಅವನನ್ನ ಇಲ್ಲಿ ತಂದು ಕೂರಿಸಿದೋನು ನೀನು. ಅವನ ಅನ್ನಕ್ಕೂ ಕಲ್ಲು ಹಾಕ್ತೀಯೇನೋ?"

ನಾಚಿಕೆಯಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ, "ಏಳು ನಿಮಿಷ! ಏಳೇ ನಿಮಿಷ ಇರೋದು!"

ಇಬ್ಬರೂ ಬಿದ್ದಂಬೀಳ ಹೊರಟರು. ಮೀಸೆ ಹದಿನಾಲ್ಕು ವರ್ಷದ ಅಭ್ಯಾಸಬಲದಿಂದ ತಾನೇ ಮುಂದೆ ಹೋದ. ಕೊಕ್ಕರೆ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬೆವರಿಲ್ಲದೆ ಬಂದ. ಹಿಂದೆಯೇ ಉಳಿದರೆ ಸಾಕು, ಕಡೆಯ ಸ್ಥಾನ ಅವನದೇ.

ಕೊನೆಯ ಅರ್ಧ ಕಿಲೋಮೀಟರಿಗೆ ಗಾಡಿಗಳಿಗೆ ಪಕ್ಕದ ರಸ್ತೆ. ಭಾವ ವ್ಯಾನನ್ನು ಹಾರಿಸಿಕೊಂಡು ಬಂದರು. ನಾನು ಇಳಿದು ಗೆರೆಯ ಹತ್ತಿರ ಓಡಿದೆ. ಗಡುವು ಮುಗಿಯುತ್ತ ಬಂತು, ಇನ್ನು ಇವರು ಬರುವುದಿಲ್ಲ ಎಂದು ನೋಡುವ ಜನ ಆಗಲೇ ಕರಗಿದ್ದರು. ಇಬ್ಬರು ಕೆಲಸದವರು ತಡೆಬೇಲಿ ಕಳಚಿ ಲಾರಿಗೆ ತುಂಬುತ್ತಿದ್ದರು.

ಇಬ್ಬರೂ ತಿರುವು ದಾಟಿ ಬಂದರು. ಸಮಯ ಬೇಕಾದಷ್ಟಿತ್ತು. ಮೀಸೆ ಒಮ್ಮೆ ತಿರುಗಿ ನೋಡಿದ. ಬ್ರೇಕು ಹಿಡಿದರೆ ಮುಗಿಯಿತು, ಕೊಕ್ಕರೆ ಮುಂದೆ ಹೋಗುತ್ತಾನೆ, ಮುಂದಿನ ವರ್ಷದ ಜಾಗ ಉಳಿಯುತ್ತದೆ. ಅದು ಅವನಿಗೂ ಗೊತ್ತಿತ್ತು. ಆದರೆ ಎದುರಿಗೆ ಖಾಲಿ ರಸ್ತೆ, ಮುಂದೆ ಒಂದು ಬೆನ್ನೂ ಇಲ್ಲ. ಮೀಸೆ ಪೆಡಲಿನ ಮೇಲೆ ಎದ್ದು ನಿಂತ. ಅದನ್ನು ಕಂಡ ಕೊಕ್ಕರೆಗೂ ಏನು ಮಂಕು ಕವಿಯಿತೋ, ಅವನೂ ಎದ್ದು ನಿಂತು ಹಲ್ಲು ಕಚ್ಚಿ ತುಳಿದ. ಅರ್ಧ ಸೈಕಲ್ಲಿನ ಅಂತರದಲ್ಲಿ ಮೀಸೆ ಗೆದ್ದ. ಎರಡೂ ಕೈ ಮೇಲೆತ್ತಿ, ಬಾಯಿ ತುಂಬ ನಗುತ್ತ, ಗೆರೆ ದಾಟಿದ.

ನನ್ನ ಕ್ಯಾಮೆರಾ ಕೊಕ್ಕರೆಯನ್ನು ಹಿಡಿಯುತ್ತಿತ್ತು. ಮುಖಪುಟಕ್ಕೆ ಬೇಕಾಗಿದ್ದವನು ಅವನು.

"ನಾನು ಕೈ ಎತ್ತಿದ್ದು ಬಂತಾ ಸಾರ್?" ಮೀಸೆ ಏದುಸಿರು ಬಿಡುತ್ತ ಬಂದ. "ಹೆಂಡತಿಗೆ ತೋರಿಸ್ಬೇಕು."

ಬಂದಿರಲಿಲ್ಲ. ಹನ್ನೆರಡು ಫೋಟೋಗಳಲ್ಲೂ ಕೊಕ್ಕರೆ. ಒಂದರ ಅಂಚಿನಲ್ಲಿ ಮೀಸೆಯ ಮೊಣಕೈ. "ಇನ್ನೊಂದು ಸಲ ಬನ್ನಿ, ತೆಗೀತೀನಿ," ಎಂದೆ. ಅವನು ಸೈಕಲ್ ತಳ್ಳಿಕೊಂಡು ತಿರುವಿಗೆ ವಾಪಸ್ಸು ಹೋದ. ಅಲ್ಲಿ ತಂಡದ ವ್ಯವಸ್ಥಾಪಕ ಕಾಯುತ್ತಿದ್ದ, ಕಿವಿಯಲ್ಲಿ ಯಜಮಾನರ ಫೋನು. ಎರಡು ಮಾತಾಡಿ ಕೈ ಕೊಡವಿಕೊಂಡು ಹೋಗಿಬಿಟ್ಟ. ಮೀಸೆ ಸೈಕಲ್ ಹತ್ತಿ ಮತ್ತೆ ಬಂದ, ಮತ್ತೆ ಕೈ ಎತ್ತಿದ. ಮುಖ ಮಾತ್ರ ಆ ಮುಖವಾಗಿರಲಿಲ್ಲ.

ಸಂಪಾದಕರು ಅದನ್ನೂ ಕೊಕ್ಕರೆಯ ಫೋಟೋದ ಪಕ್ಕ ಹಾಕಿ, ಕೆಳಗೊಂದು ಸಾಲು ಕೇಳಿದರು. ಕಳಿಸಿದೆ: "ಕಡೆಯ ಸ್ಥಾನ ಕೈತಪ್ಪಿದ ಸಂಕಟದಲ್ಲಿ ಆಕಾಶಕ್ಕೆ ಕೈಯೆತ್ತಿದ ಮೀಸೆ."

ವಾರದ ನಂತರ ಮೀಸೆಯೇ ಫೋನು ಮಾಡಿದ. ಕೆಲಸ ಹುಡುಕುತ್ತಿದ್ದನಂತೆ.

"ಫೋಟೋಗೆ ತುಂಬಾ ಥ್ಯಾಂಕ್ಸ್ ಸಾರ್. ಕೆಳಗೆ ಯಾವನೋ ತಲೆಕೆಟ್ಟೋನು ಏನೇನೋ ಬರೆದಿದ್ದ. ನನ್ನ ಹೆಂಡತಿ ಅದನ್ನ ಕತ್ತರಿಸಿ ಬಿಸಾಕಿ, ಫೋಟೋ ಮಾತ್ರ ಗೋಡೆಗೆ ಹಾಕಿದಾಳೆ. ಬಂದೋರಿಗೆಲ್ಲ, ನಮ್ಮನೆಯವರು ಗೆದ್ದಿದ್ದು ಅಂತ ತೋರಿಸ್ತಾಳೆ."

ಆ ತಲೆಕೆಟ್ಟವನಿಗೆ ನಾನೂ ಎರಡು ಬೈಗುಳ ಸೇರಿಸಿದೆ.