ಬೋಟಿನ ಬಣ್ಣದ ಕಪಾಟು

ಹಾರವಾಡದ ಪ್ರಕಾಶ ಬೋಟುಗಳಿಗೆ ಬಣ್ಣ ಬಳಿಯುವವನು. ಗದ್ದೆ ಇತ್ತು, ಆದರೆ ವರ್ಷಪೂರ್ತಿ ಹೊಟ್ಟೆ ತುಂಬಿಸುವಷ್ಟು ಇರಲಿಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಬೋಟುಗಳು ದಡ ಹತ್ತಿದವೋ, ಅವನು ಗದ್ದೆಯ ನೆಟ್ಟಿ ಮುಗಿಸಿ ಕಾರವಾರದ ಬಸ್ಸು ಹತ್ತುತ್ತಿದ್ದ. ಕ್ಯಾಬಿನ್ನಿಗೆ ಬಣ್ಣ, ಮಗ್ಗುಲಿಗೆ ಪಟ್ಟಿ, ಮೂತಿಯ ಮೇಲೆ ದುಂಡನೆಯ ಅಕ್ಷರದಲ್ಲಿ ದೇವರ ಹೆಸರು. ಇವು ಅವನ ಕೆಲಸ. ತಳಕ್ಕೆ ಬಳಿಯುವವರು ಬೇರೆ. ಅಂಗಾತ ಮಲಗಿ ಮೈಮುಖಕ್ಕೆಲ್ಲ ಬಣ್ಣ ಹಾರಿಸಿಕೊಂಡು ಮಾಡುವ ಆ ಕೆಲಸದ ಬಗ್ಗೆ ಅವನಿಗೆ ಒಳಗೊಳಗೇ ತಾತ್ಸಾರ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅದೆಂಥ ಬಣ್ಣವೆಂದು ಕೇಳಿರಲಿಲ್ಲ.

ರಿಪೇರಿಯಾದ ಬೋಟು ನೀರಿಗಿಳಿಯುವ ದಿನ ಪೂಜೆ. ಕಾಯಿ ಒಡೆದ ಮೇಲೆ ಬೋಟಿನ ಯಜಮಾನ ಕೆಲಸದವರಿಗೆ ಪ್ರಸಾದದ ಜೊತೆ ಉಳಿದ ಬಣ್ಣವನ್ನೂ ಹಂಚುವುದು ಅವರಲ್ಲಿ ನಡೆದು ಬಂದ ರೂಢಿ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರು ಎಲ್ಲಿ ಇಲ್ಲ? ಪ್ರಕಾಶನ ಕೇರಿಯಲ್ಲಿ ಕಿಟಕಿಯ ಸರಳು, ಸೈಕಲ್ಲು, ತುಳಸಿಕಟ್ಟೆ ಎಲ್ಲದಕ್ಕೂ ಬೋಟಿನದೇ ಬಣ್ಣ. ಉಪ್ಪುಗಾಳಿಗೆ ಜಗ್ಗದ ಬಣ್ಣ ಎಂದು ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಹಾಗಿದ್ದರೂ ಅಡುಗೆಮನೆಯ ಕಪಾಟಿಗೆ ಮಾತ್ರ ಯಾರೂ ಕೈ ಹಚ್ಚಿರಲಿಲ್ಲ. ಪ್ರಕಾಶನ ಅಪ್ಪ ಬೊಮ್ಮು ಮಾಡಿಸಿದ ಹೆಬ್ಬಲಸಿನ ಮರದ ಕಪಾಟು ಅದು. ಹೊಗೆ, ಎಣ್ಣೆ, ಮೀನು ಹುರಿದ ಜಿಡ್ಡು ಸೇರಿ ಕರ್ರಗಾಗಿತ್ತು. ಬಸುರಿ ಮಗಳು ಭವ್ಯಾಳಿಗೆ ಏಳು ತಿಂಗಳಾದಾಗ ಬಯಕೆ ಊಟಕ್ಕೆ ಹಣಕೋಣದಿಂದ ಅವಳ ಅತ್ತೆ ಜಾನಕಿ ಬಂದಿದ್ದರು. ಲೋಟ ತೆಗೆಯಲೆಂದು ಕಪಾಟಿನ ಬಾಗಿಲು ಎಳೆದವರ ಬೆರಳಿಗೆ ಜಿಡ್ಡು ಮೆತ್ತಿತು. ಅವರು ಸೆರಗಿನ ತುದಿಗೆ ಒರೆಸಿಕೊಂಡರು. ಹೊರಡುವಾಗ ಮೆಲ್ಲಗೆ ಅಂದರು:

"ಬಾಣಂತನ ನಮ್ಮಲ್ಲೇ ಆಗ್ಲಿ ಬಿಡಿ ಬೀಗ್ರೆ. ನಿಮಗೆ ಎಂಥಕ್ಕೆ ತ್ರಾಸು?"

ಚೊಚ್ಚಲ ಬಾಣಂತನ ತವರಿನಲ್ಲಿ ಬೇಡವೆಂದರೆ ತವರಿನ ಮುಖಕ್ಕೆ ಹೊಡೆದಂತೆಯೇ. ಪ್ರಕಾಶನ ಹೆಂಡತಿ ರೂಪಾ ಆ ಸಂಜೆ ಊಟ ಬಿಟ್ಟಳು. ಕಪಾಟು ಕಿತ್ತು ಹೊಸದು ಮಾಡಿಸೋಣವೆಂದು ಹಟ ಹಿಡಿದಳು. ಶಿರವಾಡದಿಂದ ಬಡಗಿಯೊಬ್ಬ ಬಂದು ಟೇಪು ಹಿಡಿದು ಅಳೆದೂ ಹೋದ. ಪ್ರಕಾಶ ಒಪ್ಪಲಿಲ್ಲ.

"ಹೆಬ್ಬಲಸು ಮಾರಾಯ್ತಿ. ಇಷ್ಟು ವರ್ಷ ಒಂದು ಹುಳ ಹಿಡಿಲಿಲ್ಲ. ಇದನ್ನ ಕಿತ್ತು ಆ ರಟ್ಟಿನಂಥದ್ದು ಹಾಕ್ಸುದಾ? ಬಣ್ಣ ಬಳ್ದು ಕೊಡ್ತೆ, ನೋಡು."

ಆ ಶ್ರಾವಣದಲ್ಲಿ ಪೂಜೆಯಾದ ಬೋಟಿನಿಂದ ಅವನಿಗೆ ಒಂದು ಬಕೆಟ್ ಕೆಂಪು ಬಣ್ಣ ಸಿಕ್ಕಿತು. ಕುಂಕುಮಕ್ಕಿಂತ ಒಂದಿಷ್ಟು ಕಂದು. ರೂಪಾಳಿಗೆ ಬೇಕಾಗಿದ್ದದ್ದೂ ಅದೇ. ಯಾವ ಡಬ್ಬಿಯಿಂದ ಸುರಿದದ್ದೆಂದು ಅವನು ಕೇಳಲಿಲ್ಲ, ಕೊಟ್ಟವರು ಹೇಳಲಿಲ್ಲ. ಮಳೆ ಬಿಡುವು ಕೊಟ್ಟ ನಾಲ್ಕು ದಿನ ನೋಡಿ ಬಾಗಿಲುಗಳನ್ನು ಬಿಚ್ಚಿ ಅಂಗಳದಲ್ಲಿ ಮಲಗಿಸಿದ. ಬಿಸಿನೀರಿಗೆ ಸೋಡಾ ಹಾಕಿ ಉಜ್ಜಿದ, ಪಾಲಿಶ್ ಪೇಪರಿನಿಂದ ತಿಕ್ಕಿದ. ಒಳಗೂ ಹೊರಗೂ ಎರಡೆರಡು ಸಲ ಬಳಿದ. ಬಾಗಿಲು ಮತ್ತೆ ಕೂರಿಸಿದಾಗ ರೂಪಾ ಹೊಸ ಮದುಮಗಳಂತೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹಣಕೋಣಕ್ಕೆ ಕಳಿಸಿದಳು. ಎರಡು ದಿನದಲ್ಲಿ ಜಾನಕಿಯಮ್ಮನ ಫೋನು ಬಂತು. ಬಾಣಂತನ ಹಾರವಾಡದಲ್ಲೇ ಆಗಲಿ.

ಹೆಣ್ಣು ಕೂಸು ಹುಟ್ಟಿತು. ಭವ್ಯಾ ಹನ್ನೆರಡನೇ ದಿನಕ್ಕೆ ತವರಿಗೆ ಬಂದಳು. ಕಪಾಟಿನ ಮೇಲಿನ ಅರೆಯೆಲ್ಲ ಬಾಣಂತಿಯದು: ಮೆಂತ್ಯದ ಉಂಡೆ, ಲೇಹ್ಯ, ಕಾಳುಮೆಣಸಿನ ಪುಡಿ. ಕೂಸಿಗೆ ತೇಯ್ದು ನೆಕ್ಕಿಸುವ ಬಜೆ ಮತ್ತು ಜಾಯಿಕಾಯಿ ಮಾತ್ರ ಅರೆಯ ಮೇಲೆ ಡಬ್ಬಿಯಿಲ್ಲದೆ ಬರಿದೇ ಬಿದ್ದಿರುತ್ತಿದ್ದವು. ಇರುವೆಯ ಕಾಟವಂತೂ ನಿಂತೇ ಹೋಗಿತ್ತು. ಡಬ್ಬಿಗಳ ತಳಕ್ಕೆ ಕೆಂಪು ಪುಡಿ ಮೆತ್ತಿಕೊಳ್ಳುತ್ತಿತ್ತು, ನಿಜ. ಚಿರೆಕಲ್ಲಿನ ಗೋಡೆಯ ಮನೆಯಲ್ಲಿ ಕೆಂಪು ಧೂಳು ಯಾರ ಕಣ್ಣಿಗೆ ಬೀಳುತ್ತದೆ? ರೂಪಾ ಒರೆಸಿ ಇಡುತ್ತಿದ್ದಳು.

ತಳ ಒಡೆದ ಬೋಟೊಂದು ದಡ ಹತ್ತಿದ್ದರಿಂದ ಆ ಸೋಮವಾರ ಪ್ರಕಾಶ ಕಾರವಾರಕ್ಕೆ ಹೋಗಿದ್ದ. ಮಧ್ಯಾಹ್ನ ಹೊಸಬನೊಬ್ಬ ತಳಕ್ಕೆ ಬಳಿಯುತ್ತಿದ್ದ ಕೈಯಲ್ಲೇ ಬುತ್ತಿ ಬಿಚ್ಚಿದ. ತಳದ ಕೆಲಸದ ಯೋಗೇಶ ಓಡಿಬಂದು ಅವನ ಕೈಗೆ ಹೊಡೆದ.

"ಸಾಯ್ತ್ಯನಾ? ವಿಷ ಅದೆ ಇದ್ರಲ್ಲಿ! ತಳಕ್ಕೆ ಚಿಪ್ಪು ಹಿಡಿಬಾರ್ದು ಅಂತ ಹಾಕಿರ್ತಾರೆ. ಸಾಬೂನು ಹಚ್ಚಿ ತೊಳ್ಕಂಡು ಬಾ."

ಪ್ರಕಾಶ ಯೋಗೇಶನ ಡಬ್ಬಿಯೊಳಗೆ ಬಗ್ಗಿ ನೋಡಿದ. ಕುಂಕುಮಕ್ಕಿಂತ ಒಂದಿಷ್ಟು ಕಂದು. 

ಆಗಲೇ ಮನೆಗೆ ಫೋನು ಮಾಡಿ ಹೇಳಬಹುದಿತ್ತು. ನೀವಾದರೆ ಹೇಳುತ್ತಿದ್ದಿರಿ, ನಾನಾದರೂ ಹೇಳುತ್ತಿದ್ದೆ ಎಂದುಕೊಳ್ಳೋಣ. ಪ್ರಕಾಶ ಬಸ್ಸಿನಲ್ಲಿ ಕೂತು ಹೇಗೆ ಹೇಳಲಿ ಎಂದು ಲೆಕ್ಕ ಹಾಕುತ್ತ ಬಂದ. ಹೇಳಿದರೆ ಹಣಕೋಣದವರು ಆ ಗಳಿಗೆಯಲ್ಲೇ ಮಗಳನ್ನೂ ಕೂಸನ್ನೂ ಕರೆದೊಯ್ಯುತ್ತಾರೆ. ರೂಪಾ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಇಪ್ಪತ್ತೆರಡು ವರ್ಷ ಬಣ್ಣದ ಕೆಲಸ ಮಾಡಿದವನಿಗೆ ಬಣ್ಣ ಗೊತ್ತಾಗಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಅವನಿಗೆ ಒಂದು ಉಪಾಯ ಹೊಳೆದಿತ್ತು. ಹೇಳದೆಯೇ ಸಾಮಾನು ಹೊರಗಿಟ್ಟರಾಯಿತು.

"ಬಣ್ಣದ ವಾಸ್ನೆ ಇನ್ನೂ ಹೋಗ್ಲಿಲ್ಲ" ಎಂದು ಡಬ್ಬಿಗಳನ್ನೆಲ್ಲ ಜಗಲಿಗೆ ತಂದಿಟ್ಟ. ಬಜೆಯನ್ನು ಕಿಸೆಗೆ ಹಾಕಿಕೊಂಡು ತೋಡಿಗೆ ಎಸೆದ. ಮಂಗಳವಾರ ಬೆಳಿಗ್ಗೆ ಎದ್ದರೆ ಡಬ್ಬಿಗಳು ಮತ್ತೆ ಕಪಾಟಿನಲ್ಲಿದ್ದವು.

"ಜಗಲಿ ಮೇಲೆ ಇಟ್ರೆ ಇಲಿ ಬಿಡ್ತದ್ಯಾ? ಬಜೆ ಆಗ್ಲೇ ಒಯ್ದದೆ" ಎಂದಳು ರೂಪಾ. ಅಂಗಡಿಯಿಂದ ಹೊಸ ಬಜೆ ತರಿಸಿ ಅದೇ ಅರೆಯ ಮೇಲೆ ಇಟ್ಟಿದ್ದಳು. ಆಮೇಲೆ ಅದನ್ನು ಸಾಣೆಕಲ್ಲಿನ ಮೇಲೆ ತೇಯ್ದು, ಬೆರಳ ತುದಿಯಲ್ಲಿ ತೆಗೆದು, ಕೂಸಿನ ನಾಲಿಗೆಗೆ ಹಚ್ಚಿದಳು. ಪ್ರಕಾಶ ಎರಡು ಮಾರು ದೂರದಲ್ಲಿ ಚಾ ಕುಡಿಯುತ್ತ ಕೂತಿದ್ದ. ಬೇಡ ಎನ್ನಲು ಬಾಯಿ ತೆರೆದ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಬಾಯಿ ಮುಚ್ಚಿದ.

ಬುಧವಾರ, ಗುರುವಾರವೂ ಇದೇ ಆಟ. ಅವನು ಹೊರಗಿಡುವುದು, ಅವಳು ಒಳಗಿಡುವುದು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ. ಲೇಹ್ಯಕ್ಕೆ ಮುಚ್ಚಳ ಇದೆಯಲ್ಲ, ಬಜೆ ತೇಯ್ದದ್ದು ಒಂದು ಹನಿಯಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕೂಸು ಅತ್ತರೆ ಓಡಿಹೋಗುತ್ತಿದ್ದ, ಸುಮ್ಮನೆ ಮಲಗಿದರೆ ಇನ್ನೂ ಬೇಗ ಓಡುತ್ತಿದ್ದ. ಹತ್ತು ಸಲ ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದ. ಅಜ್ಜನಿಗೆ ಎಷ್ಟು ಅಕ್ಕರೆ ಎಂದು ಭವ್ಯಾ ನಗುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಅಳಿಯ ಸಂದೀಪನ ಜೊತೆ ಜಾನಕಿಯಮ್ಮ ಬಂದರು. ಬಾಣಂತಿಗೆಂದು ನೊಗ್ಲಿ ಮೀನು ತಂದಿದ್ದರು. ಕೂಸನ್ನು ಎತ್ತಿ ಮುದ್ದಾಡಿದ ಮೇಲೆ ನೆಟ್ಟಗೆ ಅಡುಗೆಮನೆಗೆ ಹೋಗಿ ಕಪಾಟು ತೆರೆದರು. ಒಳಗೆಲ್ಲ ಬೆರಳಾಡಿಸಿದರು.

"ಏನೇ ಹೇಳು ರೂಪಾ, ಹೊಸದ್ರ ತಲೆ ಮೇಲೆ ಹೊಡ್ದಂಗೆ ಅದೆ. ಒಂದು ಇರುವೆ ಇಲ್ಲ! ಬೀಗ್ರೇ, ನಮ್ಮನೆ ಕಪಾಟಿಗೂ ಇದೇ ಬಣ್ಣ ಬಳ್ದು ಕೊಡ್ಬೇಕು. ಪಾಪು ಬರುದ್ರೊಳ್ಗೆ ಆಗ್ಬೇಕು ನೋಡಿ."

"ಅದ್ಕೆಂಥದು, ಮಾಡಿ ಕೊಡ್ತಾರೆ" ಎಂದಳು ರೂಪಾ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳ ಮುಖ ಇಷ್ಟು ಅರಳಿದ್ದನ್ನು ಪ್ರಕಾಶ ನೋಡಿರಲಿಲ್ಲ.

"ಆಗುದಿಲ್ಲ" ಎಂದ ಅವನು.

ಎಲ್ಲರೂ ತಿರುಗಿ ನೋಡಿದರು.

"ಇದು ಬೋಟಿನ ತಳಕ್ಕೆ ಬಳಿಯುದು. ಇದ್ರಲ್ಲಿ ವಿಷ ಅದೆ. ನಾನು ಗೊತ್ತಿಲ್ದೆ ಬಳ್ದೆ. ಕೂಸನ್ನ ಡಾಕ್ಟ್ರಿಗೆ ತೋರ್ಸಿ."

ಜಾನಕಿಯಮ್ಮ ಮೊದಲು ತಮ್ಮ ಬೆರಳು ನೋಡಿಕೊಂಡರು. ಆಮೇಲೆ ಕೂಸಿನ ಕಡೆ ಓಡಿದರು. ಸಂದೀಪ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಮಾವ, ಬಣ್ಣದ ಹೆಸ್ರು ಬೇಕು, ಡಾಕ್ಟರ್ ಕೇಳ್ತಾರೆ" ಎಂದ ಅಷ್ಟೇ. ಪ್ರಕಾಶ ಯೋಗೇಶನಿಗೆ ಫೋನು ಮಾಡಿ ಡಬ್ಬಿಯ ಫೋಟೋ ತರಿಸಿಕೊಟ್ಟ. ರೂಪಾ ಚಪ್ಪಲಿ ಮೆಟ್ಟಿ ಹೊರಟಿದ್ದಳು. ಜಾನಕಿಯಮ್ಮ ಕಾರಿನ ಬಾಗಿಲು ಎಳೆದುಕೊಳ್ಳುತ್ತ ಹೇಳಿದರು, "ನೀವು ಬರುದು ಬೇಡ. ನಾ ಇದ್ದೆ."

ಕಾರು ಹೋದ ಮೇಲೆ ಪ್ರಕಾಶ ಕಪಾಟಿನ ಬಾಗಿಲುಗಳನ್ನು ಒಂದೊಂದಾಗಿ ಬಿಚ್ಚಿದ. ರೂಪಾ ಅಕ್ಕಿ, ಬೇಳೆ, ಉಪ್ಪು, ಉಂಡೆ ಎಲ್ಲವನ್ನೂ ಹೊರತೆಗೆದಳು.  ಬೈಗುಳಕ್ಕೆ ತಯಾರಾಗಿ ಅವನು ಬೆನ್ನು ಬಗ್ಗಿಸಿಯೇ ಇದ್ದ. ಬೈಗುಳ ಬರಲಿಲ್ಲ.

"ನೀವೂ ಅಷ್ಟು ಮನ್ಸಿಗೆ ಹಚ್ಕಬೇಡಿ" ಎಂದಳು ರೂಪಾ ಕೊನೆಗೆ, ಮೂಗು ಒರೆಸಿಕೊಳ್ಳುತ್ತ. "ಗೊತ್ತಿಲ್ದೆ ಆದದ್ದು. ಗೊತ್ತಿದ್ರೆ ನೀವು ಕೂಸಿನ ಬಾಯಿಗೆ ಹಾಕುಕೆ ಬಿಡ್ತಿದ್ರಾ? ಅವ್ರಿಗೇನು, ಅಂತಾರೆ. ನಂಗೆ ಗೊತ್ತಿಲ್ವಾ ನಿಮ್ಮನ್ನ?"

ಅವನು ಸ್ಕ್ರೂ ಕೈಯಿಂದ ಬಿತ್ತೆಂದು ನೆಲದಲ್ಲಿ ಹುಡುಕಿದ.

ಮೂರು ಗಂಟೆಗೆ ಫೋನು ಬಂತು. ರೂಪಾ ಬಾವಿಕಟ್ಟೆಯಲ್ಲಿ ಡಬ್ಬಿ ತೊಳೆಯುತ್ತಿದ್ದಳು. ಭವ್ಯಾಳ ದನಿ ಸಣ್ಣಗಿತ್ತು.

"ಪಾಪು ಆರಾಮ ಅದೆ ಅಪ್ಪಾ. ಹೊಟ್ಟೆಗೆ ಹೋಗಿದ್ರೂ ತೀರಾ ಕಮ್ಮಿ, ಹೆದ್ರುದು ಬೇಡ ಅಂದ್ರು. ರಕ್ತ ತಗಂಡಾರೆ, ಮತ್ತೊಂದ್ಸಲ ತೋರ್ಸಬೇಕು."

ಪ್ರಕಾಶ ದೇವರೇ ಎಂದ.

"ಅಪ್ಪಾ, ಒಂದು ಕೇಳ್ತೆ. ನಿಂಗೆ ಯಾವತ್ತು ಗೊತ್ತಾಯ್ತು?"

ಇವತ್ತು ಬೆಳಿಗ್ಗೆ ಎನ್ನಬಹುದಿತ್ತು. ಯಾರೂ ಯೋಗೇಶನನ್ನು ಕೇಳಲು ಹೋಗುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೂ ಬಂತು.

"ಸೋಮವಾರ."



"ಅಮ್ಮ ದಿನಾ ಬಜೆ ನೆಕ್ಸುವಾಗ ನೀ ಅಲ್ಲೇ ಕೂತಿದ್ದೆ" ಎಂದಳು ಭವ್ಯಾ.

"ಹೂಂ."

"ಬಣ್ಣ ಬಳ್ದದ್ದಕ್ಕೆ ನಂಗೆ ಸಿಟ್ಟಿಲ್ಲ ಅಪ್ಪಾ. ನಾವು ಹಿಂಗೇ ಹಣಕೋಣಕ್ಕೆ ಹೋಗ್ತ್ಯವೆ. ಬಟ್ಟೆ ಕಳ್ಸಿಕೊಡುಕೆ ಅಮ್ಮಂಗೆ ಹೇಳು."

ಫೋನು ಕಟ್ಟಾಯಿತು. ರೂಪಾ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ಓಡಿಬಂದಳು.

"ಭವ್ಯಾನಾ? ಎಂತ ಅಂದ್ಲು?"

"ಪಾಪು ಆರಾಮ ಅದೆ ಅಂತೆ."

ರೂಪಾ ಕಣ್ಣು ಮುಚ್ಚಿ ಕೈ ಮುಗಿದಳು. ಮುಗಿದ ಕೈ ಇಳಿಸದೆಯೇ ಕೇಳಿದಳು, "ಅಷ್ಟೇಯಾ?"

"ಅಷ್ಟೇ" ಎಂದ ಪ್ರಕಾಶ.

"ಗೊತ್ತಿಲ್ದೆ ಮಾಡಿದ್ದಕ್ಕೆ ದೇವ್ರು ಶಿಕ್ಷೆ ಕೊಡುದಿಲ್ಲ, ನಾ ಹೇಳ್ಲಿಲ್ವಾ?" ರೂಪಾ ನಗುತ್ತ ಅಳುತ್ತ ಅಡುಗೆಮನೆಯ ಕಡೆ ತಿರುಗಿದಳು. "ನಿಮ್ಗೆ ಗಂಜಿ ಬಡಿಸ್ತೆ. ಬೆಳಿಗ್ಗಿಂದ ಏನೂ ತಿನ್ಲಿಲ್ಲ ನೀವು."

ಅವಳು ಬಾಗಿಲು ದಾಟುವಾಗ ಪ್ರಕಾಶ ಕರೆದ.

"ಅಷ್ಟೇ ಅಲ್ಲ, ರೂಪಾ" ಎಂದ. "ಗಂಜಿ ಇರ್ಲಿ. ಇಲ್ಲಿ ಬಂದು ಕೂತ್ಕ."