ಆತ್ಮಕಥೆ ಕದ್ದವರು ಯಾರು?

ಇಪ್ಪತ್ತೆರಡು ವರ್ಷ ಗ್ರಂಥಾಲಯ ನೋಡಿಕೊಂಡ ನಾನು ಓದಿದ ಪತ್ತೇದಾರಿ ಕಾದಂಬರಿಗಳಿಗೆ ಲೆಕ್ಕವಿಲ್ಲ. ಮೈದುನನಂತೂ ನನ್ನನ್ನು ‘ಪೊಲೀಸತ್ತಿಗೆ’ ಎಂದೇ ಕರೆಯುತ್ತಾನೆ. ಇಷ್ಟೆಲ್ಲ ವಿದ್ಯೆ ಇಟ್ಟುಕೊಂಡು ಒಂದೇ ಒಂದು ಅಪರಾಧಕ್ಕಾಗಿ ಕಾಯುತ್ತಿದ್ದೆ. ಕೊನೆಗೆ ಸಿಕ್ಕಿದ್ದಾದರೂ ಎಂಥದ್ದು? ನಮ್ಮ ಗ್ರಂಥಾಲಯ ಸಮಿತಿಯ ಅಧ್ಯಕ್ಷರ ಆತ್ಮಕಥೆ ಕಳುವಾಯಿತು. ಒಂದಲ್ಲ, ಇಪ್ಪತ್ತೈದು ಪ್ರತಿ.

ಆ ಪುಸ್ತಕದ ವಿಷಯ ಸ್ವಲ್ಪ ಹೇಳಬೇಕು. ಆರುನೂರು ಪುಟ. ಬರೆದವರೂ ಅವರೇ, ಅಚ್ಚು ಹಾಕಿಸಿದವರೂ ಅವರೇ, ನಮಗೆ ದಾನ ಕೊಟ್ಟವರೂ ಅವರೇ. ಓದುವ ಕೆಲಸವೊಂದನ್ನು ಮಾತ್ರ ಊರಿಗೆ ಬಿಟ್ಟಿದ್ದರು. ಐದು ವರ್ಷದಲ್ಲಿ ಒಬ್ಬರೂ ಅದನ್ನು ಒಯ್ದಿರಲಿಲ್ಲ. ಪುಸ್ತಕ ಹೊರಗೆ ಹೋದಾಗಲೆಲ್ಲ ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯ ಮೇಲೆ ಆ ದಿನದ ತಾರೀಕಿನ ಮುದ್ರೆ ಒತ್ತುವುದು ನಮ್ಮ ಪದ್ಧತಿ. ಐದು ವರ್ಷ ಮುದ್ರೆಯೇ ಬೀಳದಿದ್ದರೆ ಪುಸ್ತಕ ರದ್ದಿಗೆ. ತಪಾಸಣೆಯ ಅಧಿಕಾರಿ ಬರುವುದಕ್ಕೆ ಒಂದೇ ವಾರ ಉಳಿದಿತ್ತು.

ಬುಧವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅಧ್ಯಕ್ಷರ ಕಪಾಟು ಬರಿದಾಗಿತ್ತು. ನನ್ನ ಮೇಜಿನ ಮೇಲಿದ್ದ ತಾರೀಕಿನ ಮುದ್ರೆಯೂ ಇರಲಿಲ್ಲ. ಮಹಾ ಪತ್ತೇದಾರಳಾದ ನಾನು, ಮುದ್ರೆ ಎಲ್ಲೋ ಬಿದ್ದಿರಬೇಕು, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದುಕೊಂಡೆ.

ಅಧ್ಯಕ್ಷರು ಫೋನಿನಲ್ಲೇ ತೀರ್ಪು ಕೊಟ್ಟರು. “ಕೀಲಿ ಇರೋದು ನಿಮ್ಮ ಹತ್ರ, ಆ ಅಟೆಂಡರ್ ಹತ್ರ. ನೀವಂತೂ ಅಲ್ಲ. ಅವಳನ್ನ ಮನೆಗೆ ಕಳಿಸೋದೇ.”

ಅಟೆಂಡರಕ್ಕ ಹದಿನೆಂಟು ವರ್ಷದಿಂದ ನಮ್ಮಲ್ಲಿ ದಿನಗೂಲಿ. ಅವಳನ್ನು ಕಾಯಂ ಮಾಡುವ ಆದೇಶ ಕೊನೆಗೂ ಬಂದು ಅಧ್ಯಕ್ಷರ ಸಹಿಗೆ ಕಾದಿತ್ತು. ಈ ತಿಂಗಳು ಸಹಿ ಬೀಳದಿದ್ದರೆ ಆದೇಶ ರದ್ದು, ಮತ್ತೆ ಅಂಥ ಅವಕಾಶ ಇಲ್ಲ.

“ನಾನ್ಯಾಕೆ ಕದೀಲಿ ಮೇಡಂ?” ಎಂದಳು. “ದಿನಾ ಅದರ ಧೂಳು ಹೊಡೆಯೋಳು ನಾನು. ಹೋದ್ರೆ ಹೋಯ್ತು ಅಂತ ಖುಷಿ ಪಡ್ತೀನಿ, ನಿಜ. ಆದ್ರೆ ಅಷ್ಟೊಂದು ಭಾರ ಹೊತ್ಕೊಂಡ್ ಹೋಗೋಕೆ ನನ್ನ ಸೊಂಟ ಒಪ್ಬೇಕಲ್ಲ?” ನಗಿಸಲು ಹೇಳಿದಳು, ಆದರೆ ಬರಿದಾದ ಕಪಾಟನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ವಿಚಾರಣೆ ಶುರು ಮಾಡಿದೆ. ದಿನವೂ ಬಂದು ನಮ್ಮ ಪತ್ರಿಕೆಯ ಪದಬಂಧವನ್ನು ಪೆನ್ನಿನಲ್ಲೇ ತುಂಬಿ ಹಾಳು ಮಾಡುವ ಅಜ್ಜಿಯನ್ನು ಮೊದಲು ಕೇಳಿದೆ. ಅಜ್ಜಿಗೆ ಕೆಂಡದಂಥ ಕೋಪ ಬಂತು.

“ನನ್ನನ್ನ ಕಳ್ಳಿ ಅಂತ ಬೇಕಾದ್ರೆ ಕರಿಯಮ್ಮ. ಆ ಪುಸ್ತಕ ಓದ್ತೀನಿ ಅಂತ ಮಾತ್ರ ಊರಲ್ಲಿ ಹಬ್ಬಿಸಬೇಡ. ಮನೇಲಿ ಮದುವೆಗಿರೋ ಮೊಮ್ಮಗಳಿದ್ದಾಳೆ.”

ನಿವೃತ್ತ ಮೇಷ್ಟ್ರು ಒಬ್ಬರು ತಾವಾಗಿಯೇ ಚೀಲ ಬೋರಲು ಹಾಕಿ ತೋರಿಸಿದರು, ಮತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂವತ್ತು ಜನರನ್ನು ಕೇಳಿದ ಮೇಲೆ ಗೊತ್ತಾಗಿದ್ದು ಇಷ್ಟು: ಊರಿನಲ್ಲಿ ಕಳ್ಳರಿರಬಹುದು, ಆದರೆ ಅವರಿಗೂ ಅಭಿರುಚಿ ಇದೆ.

ಶನಿವಾರ ಬೆಳಿಗ್ಗೆ ನೋಡಿದರೆ ಇಪ್ಪತ್ತೈದೂ ಪ್ರತಿಗಳು ಕಪಾಟಿನಲ್ಲಿ ಕೂತಿವೆ. ಮುದ್ರೆ ಮೇಜಿನ ಮೇಲಿದೆ. ಖಾಲಿಯಿದ್ದ ಚೀಟಿಗಳ ತುಂಬ ಕಳೆದ ಐದು ವರ್ಷದ ತಾರೀಕುಗಳು! ಹತ್ತು ನಿಮಿಷಕ್ಕೆ ಅಧ್ಯಕ್ಷರೂ ಹಾಜರಾದರು, ಯಾರೂ ಹೇಳಿ ಕಳಿಸದಿದ್ದರೂ.

“ನೋಡಿದ್ರಾ, ಜನ ಹೇಗೆ ಮುಗಿಬಿದ್ದು ಓದಿದ್ದಾರೆ! ಇಷ್ಟು ಬೇಡಿಕೆ ಇರೋ ಪುಸ್ತಕ, ಅದಕ್ಕೇ ಕದ್ದಿದ್ದಾಳೆ. ಈಗ ಹೆದರಿ ವಾಪಸ್ ಇಟ್ಟಿದ್ದಾಳೆ.”

ಅವರು ಹೋದ ಮೇಲೆ ಕ್ಯಾಲೆಂಡರ್ ಹಿಡಿದು ಕುಳಿತೆ. ಮೂರನೇ ಪ್ರತಿಗೇ ನಗು ತಡೆಯಲಾಗಲಿಲ್ಲ. ಎಷ್ಟೋ ತಾರೀಕುಗಳು ಸೋಮವಾರದವು. ಸೋಮವಾರ ನಮಗೆ ವಾರದ ರಜೆ. ಓದುಗರಿಗೆ ಗೊತ್ತು, ಬಾಗಿಲ ಮುಂದೆ ಮಲಗುವ ನಾಯಿಗೂ ಗೊತ್ತು. ಗೊತ್ತಿಲ್ಲದವರು ಒಬ್ಬರೇ: ಹನ್ನೊಂದು ವರ್ಷದಿಂದ ಭಾಷಣ ಮಾಡುವುದಕ್ಕೆ ಬಿಟ್ಟರೆ ಒಳಗೆ ಕಾಲಿಡದವರು. ಅಧ್ಯಕ್ಷರಾದ ದಿನ ಅವರಿಗೂ ಒಂದು ಕೀಲಿ ಕೊಟ್ಟಿದ್ದೆವು. ಕೊಟ್ಟವಳು ನಾನೇ.

ಸಂಜೆ ಅವರ ಮನೆಗೆ ಹೋಗಿ ಒಂದು ಪ್ರತಿಯನ್ನು ಬಿಡಿಸಿ ಮುಂದಿಟ್ಟೆ.

“ಸರ್, ಸೋಮವಾರ ನಮಗೆ ರಜೆ.”

“ಯಾವಾಗಿನಿಂದ?”

“ಗ್ರಂಥಾಲಯ ಶುರುವಾದಾಗಿನಿಂದ.”

ಅವರ ಮುಖ ಬಾಡಿತು. “ಆರು ವರ್ಷ ಕೂತು ಬರೆದೆ ಕಣಮ್ಮ. ನನ್ನ ಹೆಂಡತೀನೂ ಓದ್ಲಿಲ್ಲ,” ಎಂದರು. ಅಯ್ಯೋ ಅನ್ನಿಸಿತು. ಅಟೆಂಡರಕ್ಕನ ಮುಖ ನೆನಪಾದದ್ದೇ ಆ ಕನಿಕರ ಇಳಿದುಹೋಯಿತು.

ಕಾದಂಬರಿಯಲ್ಲಾಗಿದ್ದರೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಬೆರಳು ತೋರಿಸಿಬಿಡಬಹುದಿತ್ತು. ಆದರೆ ಸಹಿ ಹಾಕುವ ಪೆನ್ನು ಇರುವುದು ಇವರ ಜೇಬಿನಲ್ಲಿ. ಮಾನ ಕಳೆದರೆ ಹಟಕ್ಕೆ ಬಿದ್ದು ತಿಂಗಳು ದಾಟಿಸುತ್ತಾರೆ.

“ಅಕ್ಕನ ಆದೇಶಕ್ಕೆ ಸಹಿ ಹಾಕಿ, ಬರೋ ಬುಧವಾರ ಅಧಿಕಾರಿ ಎದುರಿಗೇ ಅವಳ ಕೈಗೆ ಕೊಡಿ. ನಾನು ಬಾಯಿ ಬಿಡಲ್ಲ.”

ಒಪ್ಪಿದರು. ನನ್ನ ಬೆನ್ನು ನಾನೇ ತಟ್ಟಿಕೊಂಡು ಮನೆಗೆ ಬಂದೆ.

ಬುಧವಾರ ಅಧಿಕಾರಿ ಬಂದ. ಮುದ್ರೆಗಳನ್ನು ಎಣಿಸಿದ, ತಾರೀಕು ನೋಡಲಿಲ್ಲ. “ಇಷ್ಟು ಓಡೋ ಪುಸ್ತಕ ಇಪ್ಪತ್ತೈದೇನಾ? ಇನ್ನೂ ನೂರು ಪ್ರತಿ ಇಡಿ,” ಎಂದ.

“ಜಾಗ ಇಲ್ಲ ಸರ್,” ಎಂದೆ.

ಅವನು ಸುತ್ತ ನೋಡಿ ಪತ್ತೇದಾರಿ ಕಾದಂಬರಿಗಳ ಕಪಾಟಿಗೆ ಕೈ ಹಾಕಿದ. ನೂರಾರು ಕೈ ದಾಟಿ ಅವುಗಳ ರಟ್ಟು ಸವೆದಿತ್ತು, ಚೀಟಿಗಳು ಎಂದೋ ಉದುರಿಹೋಗಿದ್ದವು. “ಚೀಟೀನೇ ಇಲ್ಲ. ಅಂದ್ರೆ ಯಾರೂ ಒಯ್ದಿಲ್ಲ. ಇಷ್ಟನ್ನೂ ರದ್ದಿಗೆ ಹಾಕಿ.” ಓದಿ ಓದಿ ಉದುರಿವೆ ಸರ್ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಅಧ್ಯಕ್ಷರು ನನ್ನ ಮುಖ ನೋಡಿದರು. ಆದೇಶ ಇನ್ನೂ ಅವರ ಕೈಯಲ್ಲೇ ಇತ್ತು. ‘ಸೋಮವಾರ’ ಎಂಬ ಒಂದು ಮಾತು ಸಾಕಿತ್ತು ನನಗೆ. ನುಂಗಿಕೊಂಡೆ. ಅವರು ಕಾಗದವನ್ನು ಅಟೆಂಡರಕ್ಕನಿಗೆ ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಮಧ್ಯಾಹ್ನ ನಾವಿಬ್ಬರೇ ಉಳಿದೆವು. ಅಕ್ಕ ನೆಲದ ಮೇಲೆ ಕೂತು ಕಾದಂಬರಿಗಳನ್ನು ಕಟ್ಟು ಕಟ್ಟುತ್ತಿದ್ದಳು.

“ಅಧ್ಯಕ್ಷರ ಪುಸ್ತಕದ ಚೀಟಿಗಳು ಖಾಲಿ ಇದ್ವು ಅಂತ ನಂಗೂ ಗೊತ್ತು ಮೇಡಂ,” ಎಂದಳು ತಲೆಯೆತ್ತದೆ. “ನೀವು ಒಂದು ಮಾತು ಆಡಿದ್ರೆ ಇವು ಉಳೀತಿದ್ವು.”

ನನಗೆ ಅಳು ಬಂತು, ಮುಚ್ಚಿಡಲಿಲ್ಲ. ಅವಳೂ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಕಾಯಂ ಆದ್ಮೇಲೆ ನನ್ನ ಮೊದಲನೇ ಕೆಲಸ ನಿಮ್ಮ ಹೊಟ್ಟೆ ಉರಿಸೋದೇ ಆಯ್ತಲ್ಲ! ಬನ್ನಿ, ಒಬ್ಬಳ ಕೈಲಿ ಗಂಟು ಬಿಗಿಯಾಗ್ತಿಲ್ಲ.”

ನಾನು ಅವಳ ಪಕ್ಕ ಕೂತು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ.