ವಾಯಿದೆಯ ಬೆಳಿಗ್ಗೆಯ ಕ್ಷೌರ

ನನ್ನ ಮನೆಯ ಕೆಳಗಿನ ಮಳಿಗೆ ಖಾಲಿ ಮಾಡಿಸಲು, ಅಲ್ಲಿ ಬಾಡಿಗೆಗಿದ್ದ ಕ್ಷೌರಿಕನ ಮೇಲೆ ನಾನೇ ದಾವೆ ಹೂಡಿದ್ದೆ. ಒಂಬತ್ತು ವರ್ಷ ಜಗ್ಗಾಡಿದೆವು. ಆದರೂ ಕೋರ್ಟಿನ ಪ್ರತಿ ವಾಯಿದೆಯ ಬೆಳಿಗ್ಗೆ ಅವನ ಕುರ್ಚಿಯಲ್ಲೇ ಕೂತು ಗಡ್ಡ ಬೋಳಿಸಿಕೊಳ್ಳುತ್ತಿದ್ದೆ.

"ಇವತ್ತು ನಿಮ್ಮ ಲಾಯರು ಏನು ಸುಳ್ಳು ಹೇಳ್ತಾರೆ?" ಎಂದು ಕತ್ತಿ ಮಸೆಯುತ್ತ ಕೇಳುತ್ತಿದ್ದ.

"ಬಾಯ್ಮುಚ್ಕೊಂಡು ಕೆಲಸ ನೋಡು," ಎಂದು ಗದರುತ್ತಿದ್ದೆ. ಹೆಂಡತಿ ಹೋದ ಮೇಲೆ ನನ್ನ ಕೆನ್ನೆ ಮುಟ್ಟಿದ ಕೈ ಅದೊಂದೇ.

ಹೋದ ವಾರ ತೀರ್ಪು ನನ್ನ ಕಡೆಗಾಯಿತು. ಇಂದು ಅವನು ಕುರ್ಚಿಯನ್ನು ಗಾಡಿಗೆ ಏರಿಸಿ, ಮಳಿಗೆಯ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟ. ನಾನು ವಾರದ ಗಡ್ಡ ಕೆರೆದುಕೊಳ್ಳುತ್ತ ನಿಂತೆ.

"ಯಾಕಯ್ಯಾ, ಅಪೀಲು ಹಾಕಲ್ವಾ?"

"ಸಾಕಾಗಿದೆ ಯಜಮಾನ್ರೇ."

"ಸಾಕಂತೆ ಸಾಕು! ಹಾಕಯ್ಯಾ," ಎಂದು ಸಿಡುಕಿದೆ. "ಬೇಕಿದ್ರೆ ನನ್ನ ಲಾಯರನ್ನೇ ಇಟ್ಕೋ."